ಕಾಲುವೆಯ ಈಚೆಗೋ, ಆಚೆಗೋ? ಮರುಭೂಮಿಯ ನಗರದಲ್ಲಿ ಮನೆ ಹುಡುಕುವವರಿಗೆ
(ಅಮೆರಿಕದ ಫೀನಿಕ್ಸ್ ನಗರಕ್ಕೆ ಕೆಲಸದ ಮೇಲೆ ಹೊರಟವರು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಹೊಸ್ತಿಲು ದಾಟುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: 'ಕಾವೇರಿ ನೀರು ಬರುತ್ತಾ, ಬೋರ್‌ವೆಲ್ಲಾ?' ಕೋಣೆ ಎಷ್ಟು, ಮುಂಗಡ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. 2024ರ ಬೇಸಿಗೆಯಲ್ಲಿ ನಗರದ ಅಂಚಿನ ಬಡಾವಣೆಗಳ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗಳಿಗೆ ಜನ ಕಾದು ನಿಂತಾಗ, ಆ ಪ್ರಶ್ನೆಯನ್ನು ಕೇಳದೆ ಮನೆ ಕೊಂಡವರು ಪಟ್ಟ ಪಾಡನ್ನು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಅರಿಜೋನ ರಾಜ್ಯದ ರಾಜಧಾನಿ ಫೀನಿಕ್ಸ್‌ಗೆ ಹೊರಟವರು ಕೂಡ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಆದರೆ ಅಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಗುಂಡಿ ಒತ್ತಿದರೆ ಮನೆ ತಂಪಾಗುತ್ತದೆ, ರಸ್ತೆಗಳು ಅಗಲವಾಗಿವೆ, ಹೊಸ ಮನೆಗಳ ಗೋಡೆಗಳು ಮಿರಿಮಿರಿ ಮಿಂಚುತ್ತವೆ. ಆದ್ದರಿಂದ ಹೋದವರು ವಿಚಾರಿಸುವುದು ಶಾಲೆ ಹೇಗಿದೆ, ಕಚೇರಿಗೆ ಎಷ್ಟು ದೂರ, ಭಾರತದ ದಿನಸಿ ಅಂಗಡಿ ಹತ್ತಿರವಿದೆಯೇ ಎಂದು ಮಾತ್ರ. ಇವು ಕೇಳಬೇಕಾದ ಪ್ರಶ್ನೆಗಳೇ. ಆದರೆ ಆ ಊರಿನಲ್ಲಿ ಯಾರು ಎಲ್ಲಿ ವಾಸಿಸುತ್ತಾರೆ, ಏಕೆ ವಾಸಿಸುತ್ತಾರೆ ಎಂಬುದನ್ನು ತೀರ್ಮಾನಿಸಿರುವುದು ಇವಲ್ಲ. ತೀರ್ಮಾನಿಸಿರುವುದು ನೀರು, ನೆರಳು ಮತ್ತು ಒಂದು ರೈಲುಹಳಿ.

ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು ಏಳು ಅಂಗುಲ, ಎಂದರೆ 180 ಮಿಲಿಮೀಟರು. ನಮ್ಮ ರಾಜ್ಯದಲ್ಲಿ ಮಳೆಗೆ ಹೆಸರಾಗಿ ಕೊರತೆಯಿರುವ ಚಳ್ಳಕೆರೆ ಸೀಮೆಯಲ್ಲೂ ಇದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಹೀಗಿದ್ದೂ 2020ರ ಜನಗಣತಿಯಲ್ಲಿ ಫೀನಿಕ್ಸ್ ನಗರವೊಂದರಲ್ಲೇ 16 ಲಕ್ಷ ಜನರಿದ್ದರು. ಅದನ್ನೊಳಗೊಂಡ ಮರಿಕೋಪ ಕೌಂಟಿಯಲ್ಲಿ, ಎಂದರೆ ಜಿಲ್ಲೆಯಲ್ಲಿ, 44 ಲಕ್ಷ. ಇಷ್ಟು ಜನ ಅಲ್ಲಿ ಹೇಗೆ ಬದುಕಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಬೇಕೆಂದರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಸಾಲ್ಟ್ ನದಿ ಮತ್ತು ಗಿಲಾ ನದಿಗಳ ಆ ಕಣಿವೆಯಲ್ಲಿ, ಸುಮಾರು ಕ್ರಿ.ಶ. ಒಂದನೇ ಶತಮಾನದಿಂದ ಹದಿನೈದನೇ ಶತಮಾನದ ನಡುವಿನವರೆಗೆ ಒಂದು ಜನಾಂಗ ಬೇಸಾಯ ಮಾಡಿಕೊಂಡಿತ್ತು. ಇತಿಹಾಸಕಾರರು ಅವರನ್ನು ಹೊಹೊಕಾಮ್ ಎನ್ನುತ್ತಾರೆ. ಅದು ಅವರು ತಮಗೆ ಇಟ್ಟುಕೊಂಡ ಹೆಸರಲ್ಲ. ಇಂದು ಅಲ್ಲಿರುವ ಓಧಮ್ ಜನರ ಭಾಷೆಯಲ್ಲಿ ಅಗಲಿ ಹೋದ ಹಿರಿಯರನ್ನು ಕರೆಯುವ ಮಾತು ಅದರ ಮೂಲ. ಓಧಮ್ ಜನ ತಾವು ಅವರ ವಂಶದವರೆಂದು ಹೇಳುತ್ತಾರೆ. ಎತ್ತಿಲ್ಲ, ಕಬ್ಬಿಣದ ಗುದ್ದಲಿಯಿಲ್ಲ. ಮರದ ಮತ್ತು ಕಲ್ಲಿನ ಸಲಕರಣೆಗಳಲ್ಲಿ ಅವರು ನೂರಾರು ಮೈಲಿ ಕಾಲುವೆ ತೋಡಿದರು. ನೆಲದ ಇಳಿಜಾರನ್ನು ಕಣ್ಣಳತೆಯಲ್ಲೇ ಎಷ್ಟು ನಿಖರವಾಗಿ ಗುರುತಿಸಿದ್ದರೆಂದರೆ, ಮುಂದೆ ಬಂದ ಬಿಳಿಯರು ಹೊಸದಾಗಿ ಅಳೆಯುವ ಗೋಜಿಗೆ ಹೋಗದೆ ಹಲವೆಡೆ ಅದೇ ಹಳೆಯ ಕಾಲುವೆಗಳ ಹೂಳೆತ್ತಿ ನೀರು ಹರಿಸಿದರು.

ಹೀಗೆ ಹೂಳೆತ್ತಿದವರಲ್ಲಿ ಮೊದಲಿಗ ಜ್ಯಾಕ್ ಸ್ವಿಲಿಂಗ್. ಆತ ಕಾಲುವೆ ಕಂಪೆನಿ ಕಟ್ಟಿದ್ದು 1867ರಲ್ಲಿ. ಹಳೆಯ ನಾಗರಿಕತೆಯ ಬೂದಿಯಿಂದ ಎದ್ದ ಊರು ಎಂಬರ್ಥದಲ್ಲಿ ಫೀನಿಕ್ಸ್ ಎಂಬ ಹೆಸರು ಬಂತು. ಆ ಹೆಸರು ಸೂಚಿಸಿದವನು ಡ್ಯಾರೆಲ್ ಡಪ್ಪಾ ಎಂಬ ಇಂಗ್ಲಿಷಿನವನು ಎನ್ನುತ್ತಾರೆ. ಊರಿನ ನಕ್ಷೆ ಬರೆದದ್ದು 1870ರಲ್ಲಿ. ಅಲ್ಲಿಂದ ಮುಂದಿನ ಮೂವತ್ತು ವರ್ಷ ನದಿಯದ್ದೇ ಆಟ: ಒಂದು ವರ್ಷ ಪ್ರವಾಹ ಬಂದು ಒಡ್ಡುಗಳನ್ನು ಕೊಚ್ಚಿಕೊಂಡು ಹೋದರೆ ಮತ್ತೊಂದು ವರ್ಷ ಬರ.

ಕೊನೆಗೆ ರೈತರು ಒಂದು ದೊಡ್ಡ ನಿರ್ಧಾರಕ್ಕೆ ಬಂದರು. 1903ರಲ್ಲಿ ಜಮೀನಿನ ಮಾಲೀಕರೆಲ್ಲ ಸೇರಿ ಒಂದು ನೀರು ಬಳಕೆದಾರರ ಸಂಘ ಕಟ್ಟಿಕೊಂಡು, ತಮ್ಮ ತಮ್ಮ ಜಮೀನನ್ನೇ ಒತ್ತೆಯಿಟ್ಟು, ಅಣೆಕಟ್ಟು ಕಟ್ಟಲು ಕೇಂದ್ರ ಸರ್ಕಾರದಿಂದ ಸಾಲ ತಂದರು. ಆ ರೂಸ್ವೆಲ್ಟ್ ಅಣೆಕಟ್ಟು ಮುಗಿದದ್ದು 1911ರಲ್ಲಿ. ಉದ್ಘಾಟಿಸಿದವರು ಮಾಜಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಅವರೇ. ಅದೇ ವರ್ಷದ ಕೊನೆಗೆ ಇತ್ತ ಮೈಸೂರು ಸಂಸ್ಥಾನದಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು ಎಂಬುದು ಸುಮ್ಮನೆ ನೆನಪಿಡಬಹುದಾದ ಸಂಗತಿ.

ಮನೆ ಹುಡುಕುವವರಿಗೂ ಈ ಒತ್ತೆಯ ಕಥೆಗೂ ಏನು ಸಂಬಂಧ? ಸಂಬಂಧ ಇದೆ. ಅಂದು ಒತ್ತೆಯಿಟ್ಟ ಜಮೀನುಗಳಿಗೆ, ಸುಮಾರು 2 ಲಕ್ಷ 40 ಸಾವಿರ ಎಕರೆಗೆ, ಸಾಲ್ಟ್ ಮತ್ತು ವರ್ಡಿ ನದಿಗಳ ನೀರಿನ ಹಕ್ಕು ಅಂಟಿಕೊಂಡಿತು. ಹಕ್ಕು ಮನುಷ್ಯನದ್ದಲ್ಲ, ನೆಲದ್ದು. ಗದ್ದೆ ಹೋಗಿ ತೋಟ ಬಂತು, ತೋಟ ಹೋಗಿ ಸೈಟುಗಳಾದವು. ಹಕ್ಕು ಮಾತ್ರ ನೆಲ ಬಿಟ್ಟು ಹೋಗಲಿಲ್ಲ. 'ಸಾಲ್ಟ್ ರಿವರ್ ಪ್ರಾಜೆಕ್ಟ್' ಎಂಬ ಸಂಸ್ಥೆ ಇಂದಿಗೂ ಆ ನೀರನ್ನು ಆ ಎಲ್ಲೆಯೊಳಗಿನ ನೆಲಕ್ಕೆ ಮಾತ್ರ ಕೊಡಬೇಕು. ನಗರಸಭೆ ಅದನ್ನು ಶುದ್ಧೀಕರಿಸಿ ನಲ್ಲಿಗೆ ಬಿಡುತ್ತದೆಯಾದರೂ ಲೆಕ್ಕ ಮಾತ್ರ ಎಲ್ಲೆಯೊಳಗಿನದ್ದೇ. ಉತ್ತರದಲ್ಲಿ ಈ ಎಲ್ಲೆಯನ್ನು ಸ್ಥೂಲವಾಗಿ ಗುರುತಿಸುವುದು 1885ರಲ್ಲಿ ಮುಗಿದ ಅರಿಜೋನ ಕಾಲುವೆ. ಕಾಲುವೆಯ ದಕ್ಷಿಣಕ್ಕಿದ್ದದ್ದು ಹಸಿರು. ಉತ್ತರಕ್ಕಿದ್ದದ್ದು ಕಳ್ಳಿ, ಕಲ್ಲು. ಇಂದು ಎರಡೂ ಕಡೆ ಒಂದೇ ಬಗೆಯ ಮನೆಗಳಿವೆ. ಮೇಲೆ ಹಾರುವ ವಿಮಾನದಿಂದ ನೋಡಿದರೆ ಮಾತ್ರ ಮರಗಳ ಸಾಲು ಎಲ್ಲಿ ನಿಲ್ಲುತ್ತದೆ ಎಂಬುದು ಕಾಣುತ್ತದೆ.

ಈ ಹಳೆಯ ಹಕ್ಕಿನ ಸೊಗಸು ಕಾಣಬೇಕೆಂದರೆ ಅರ್ಕೇಡಿಯ ಎಂಬ ಬಡಾವಣೆಗೆ ಹೋಗಬೇಕು. ಒಂದು ಕಾಲದ ಕಿತ್ತಳೆ, ಮೂಸಂಬಿ ಜಾತಿಯ ತೋಟಗಳನ್ನು ಸೀಳಿ 1950ರ ದಶಕದಲ್ಲಿ ಮನೆ ಕಟ್ಟಿದ ಜಾಗ ಅದು. ಅಲ್ಲಿನ ಮನೆಗಳ ಅಂಗಳದ ಸುತ್ತ ಮೊಣಕಾಲೆತ್ತರಕ್ಕಿಂತ ಕಡಿಮೆಯ ಬದುಗಳಿವೆ. ಬೇಸಿಗೆಯಲ್ಲಿ ಸುಮಾರು ಹದಿನೈದು ದಿನಕ್ಕೊಮ್ಮೆ ಆ ಮನೆಗಳಿಗೆ ಸರದಿ ಬರುತ್ತದೆ. ತೂಬು ಎತ್ತಿದರೆ ಅಂಗಳ ಗದ್ದೆಯಂತೆ ತುಂಬುತ್ತದೆ. ಸರದಿ ಹಗಲಲ್ಲೇ ಬರಬೇಕೆಂದಿಲ್ಲ. ರಾತ್ರಿ ಎರಡು ಗಂಟೆಗೆ ಬಂದರೆ ಬ್ಯಾಂಕಿನ ಅಧಿಕಾರಿಯೂ ವಕೀಲರೂ ಬ್ಯಾಟರಿ ಹಿಡಿದು, ರಬ್ಬರ್ ಬೂಟು ಹಾಕಿಕೊಂಡು ಹಿತ್ತಿಲಿಗೆ ಇಳಿಯಬೇಕು. ಮುಖ್ಯ ಕಾಲುವೆಯ ತೂಬು ನೋಡಿಕೊಳ್ಳುವವನಿಗೆ ಅಲ್ಲಿ ಸ್ಪ್ಯಾನಿಷ್ ಮೂಲದ 'ಸಾನ್ಹೆರೊ' ಎಂಬ ಹೆಸರು. ನಮ್ಮ ಕೆರೆ ಕೆಳಗಿನ ಊರುಗಳ ನೀರಗಂಟಿಯೇ ಅವನು. ಸುಮಾರು 22 ಸಾವಿರ ಮನೆಗಳಿಗೆ ಹೀಗೆ ಅಂಗಳ ತುಂಬುವ ನೀರು ಹೋಗುತ್ತದೆ. ಮಂಡ್ಯದ ಕಡೆಯಿಂದ ಹೋದವರಿಗೆ ಇದು ತವರಿನ ನೆನಪು ತರಿಸಬಹುದು. ಮರುಭೂಮಿಯಲ್ಲಿ ಹುಲ್ಲುಹಾಸಿಗೆ ಇಷ್ಟು ನೀರೇ ಎಂದು ಬೈಯುವವರೂ ಅಲ್ಲಿ ಇದ್ದಾರೆ. ಬೈಯುವವರಲ್ಲಿ ನ್ಯಾಯವಿದೆ. ಆದರೆ ಸಂಜೆ ಆ ಬೀದಿಯಲ್ಲಿ ನಡೆದಾಗ ಎರಡು ಬೀದಿ ಆಚೆಗಿಂತ ಗಾಳಿ ತಂಪಾಗಿರುವುದೂ ಅಷ್ಟೇ ನಿಜ. ಅಲ್ಲಿನ ಮನೆಗಳ ಬೆಲೆಯೂ ಅದನ್ನೇ ಹೇಳುತ್ತದೆ.

ಇನ್ನು ಕಾಲುವೆಯ ಆಚೆ. ಯುದ್ಧಾನಂತರ ಊರು ಉತ್ತರಕ್ಕೆ ಬೆಳೆದಾಗ ನೀರಿನ ದಾರಿ ಒಂದೇ ಇತ್ತು: ನೆಲದೊಳಗಿಂದ ಎಳೆಯುವುದು. ಅಂತರ್ಜಲ ಕುಸಿದು ಕೆಲವೆಡೆ ನೆಲವೇ ಕುಗ್ಗಿ ಬಿರುಕುಬಿಟ್ಟಿತು. ಕೊನೆಗೆ 1980ರಲ್ಲಿ ಅರಿಜೋನ ಒಂದು ಕಠಿಣ ಕಾಯಿದೆ ತಂದಿತು. ಅದರ ತಿರುಳು ಸರಳ. ಹೊಸ ಬಡಾವಣೆ ಮಾಡುವವರು ಸೈಟು ಮಾರುವ ಮುನ್ನ, ಅಲ್ಲಿಗೆ ನೂರು ವರ್ಷಕ್ಕೆ ಸಾಲುವ ನೀರಿದೆಯೆಂದು ರುಜುವಾತು ಮಾಡಬೇಕು. ಅದೇ ಹೊತ್ತಿಗೆ ಕೊಲರಾಡೊ ನದಿಯಿಂದ 336 ಮೈಲಿ ಉದ್ದದ ಕಾಲುವೆಯೊಂದು ಬೆಟ್ಟಗಳನ್ನು ಹತ್ತಿಸಿಕೊಂಡು ಬರುತ್ತಿತ್ತು. 1973ರಲ್ಲಿ ಶುರುವಾದ ಅದರ ನೀರು ಫೀನಿಕ್ಸ್ ಮುಟ್ಟಿದ್ದು 1985ರಲ್ಲಿ. ಕೊನೆ ಮುಟ್ಟುವ ಹೊತ್ತಿಗೆ ಆ ನೀರನ್ನು ಪಂಪುಗಳು ಒಟ್ಟು ಸುಮಾರು 2,900 ಅಡಿ ಮೇಲಕ್ಕೆ ಎತ್ತುತ್ತವೆ. ಫೀನಿಕ್ಸ್ ನಗರ ಕುಡಿಯುವ ನೀರಿನಲ್ಲಿ ಐದರಲ್ಲಿ ಎರಡು ಪಾಲು ಇದೇ.

ಆದರೆ ಈ ಕಾಲುವೆಗೆ ಒಂದು ಕೊಕ್ಕೆ ಇದೆ. 1968ರಲ್ಲಿ ಸಂಸತ್ತಿನಲ್ಲಿ ಇದಕ್ಕೆ ಒಪ್ಪಿಗೆ ಪಡೆಯಲು ಕ್ಯಾಲಿಫೋರ್ನಿಯದ ಕೈ ಕಾಲು ಹಿಡಿಯಬೇಕಾಯಿತು. ಅದಕ್ಕಾಗಿ, ನದಿಯಲ್ಲಿ ನೀರು ಕಡಿಮೆಯಾದರೆ ಮೊದಲು ಕಡಿತವಾಗುವುದು ನಮ್ಮ ಪಾಲು ಎಂದು ಅರಿಜೋನ ಒಪ್ಪಿಕೊಂಡಿತು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೊಲರಾಡೊ ನದಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಕೊರತೆ ಘೋಷಿಸಿತು. ಮುಂದಿನ ವರ್ಷದಿಂದ ಕಡಿತದ ಬಿಸಿ ಮುಖ್ಯವಾಗಿ ತಟ್ಟಿದ್ದು ಫೀನಿಕ್ಸ್‌ನ ದಕ್ಷಿಣದ ಹತ್ತಿ, ಕುದುರೆಮಸಾಲೆ ಬೆಳೆಗಾರರಿಗೆ.

ಕಾಯಿದೆ ಎಷ್ಟು ಬಿಗಿಯಿದ್ದರೂ ಕಿಂಡಿ ಇದ್ದೇ ಇರುತ್ತದಷ್ಟೇ. ನೂರು ವರ್ಷದ ನಿಯಮ ಆರು ಅಥವಾ ಹೆಚ್ಚು ಸೈಟುಗಳ ಬಡಾವಣೆಗೆ ಮಾತ್ರ. ಜಮೀನನ್ನು ಐದೈದಾಗಿ ಒಡೆದು, ಒಬ್ಬರಿಂದ ಇನ್ನೊಬ್ಬರಿಗೆ ಮಾರಿ, ಅವರು ಮತ್ತೆ ಐದಾಗಿ ಒಡೆದರೆ ಯಾವ ರುಜುವಾತೂ ಬೇಡ. ನಮ್ಮ ಕಡೆಯ ರೆವಿನ್ಯೂ ಸೈಟುಗಳ ದೂರದ ಸೋದರ ಸಂಬಂಧಿ ಎನ್ನಬಹುದು. ಸ್ಕಾಟ್ಸ್‌ಡೇಲ್ ನಗರದ ಗಡಿಯಾಚೆ, ರಿಯೊ ವರ್ಡಿ ಫುಟ್‌ಹಿಲ್ಸ್ ಎಂಬಲ್ಲಿ ಹೀಗೆ ಬೆಳೆದ ಮನೆಗಳಿದ್ದವು. ಸುಂದರವಾದ ಜಾಗ, ಬೆಟ್ಟದ ನೋಟ, ಕುದುರೆ ಕಟ್ಟಲು ಬಯಲು, ತೆರಿಗೆ ಕಡಿಮೆ. ಬಾವಿಯಿಲ್ಲದ ಐನೂರಕ್ಕೂ ಹೆಚ್ಚು ಮನೆಗಳಿಗೆ ಟ್ಯಾಂಕರ್‌ಗಳು ಸ್ಕಾಟ್ಸ್‌ಡೇಲ್‌ನ ನೀರು ತುಂಬಿಸಿಕೊಂಡು ಬಂದು ನೆಲದಡಿಯ ಟ್ಯಾಂಕಿಗೆ ಸುರಿಯುತ್ತಿದ್ದವು. ಬರ ಬಂದರೆ ಇದು ನಿಲ್ಲುತ್ತದೆ ಎಂದು ನಗರಸಭೆ ಮುಂಚಿನಿಂದಲೂ ಹೇಳುತ್ತಿತ್ತು, ಕೇಳಿಸಿಕೊಂಡವರು ಕಡಿಮೆ. 2023ರ ಜನವರಿ 1ರಂದು ನಗರಸಭೆ ನಿಲ್ಲಿಸಿಯೇ ಬಿಟ್ಟಿತು. ದೊಡ್ಡ ದೊಡ್ಡ ಮನೆಗಳಲ್ಲಿ ಜನ ಕಾಗದದ ತಟ್ಟೆಯಲ್ಲಿ ಊಟ ಮಾಡಿ, ಮಳೆ ನೀರನ್ನು ಬಕೀಟಿನಲ್ಲಿ ಹಿಡಿದು ಶೌಚಾಲಯಕ್ಕೆ ಸುರಿದುಕೊಂಡು, ದೂರದ ಊರುಗಳಿಂದ ದುಬಾರಿ ಟ್ಯಾಂಕರ್ ತರಿಸಿ ದಿನ ದೂಡಿದರು. ತಾತ್ಕಾಲಿಕ ಒಪ್ಪಂದವಾಗಿ ನೀರು ಮತ್ತೆ ಬರಲು ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಮನೆ ಮಾರೋಣವೆಂದರೆ ನೀರಿಲ್ಲದ ಮನೆಯನ್ನು ಕೊಳ್ಳುವವರು ಯಾರು?

ಅದೇ 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರದ ಲೆಕ್ಕಾಚಾರ ಹೊರಬಂತು. ಮುಂದಿನ ನೂರು ವರ್ಷದಲ್ಲಿ ಫೀನಿಕ್ಸ್ ಪ್ರದೇಶದ ಅಂತರ್ಜಲದ ಬೇಡಿಕೆಯಲ್ಲಿ ಶೇಕಡಾ 4ರಷ್ಟನ್ನು ಪೂರೈಸಲಾಗದು ಎಂಬುದು ಅದರ ಸಾರ. ಶೇಕಡಾ 4 ಎಂದರೆ ಏನು ಮಹಾ ಎನಿಸಬಹುದು. ಆದರೆ ಕೇವಲ ಅಂತರ್ಜಲವನ್ನು ನೆಚ್ಚಿಕೊಂಡ ಹೊಸ ಬಡಾವಣೆಗಳಿಗೆ ಪ್ರಮಾಣಪತ್ರ ಕೊಡುವುದನ್ನು ಗವರ್ನರ್ ಕೇಟಿ ಹಾಬ್ಸ್ ಅವರ ಸರ್ಕಾರ ನಿಲ್ಲಿಸಿತು. ಪಶ್ಚಿಮದಂಚಿನ ಬಕ್‌ಐ, ಆಗ್ನೇಯದಂಚಿನ ಕ್ವೀನ್ ಕ್ರೀಕ್ ಎಂಬ ಊರುಗಳ ಯೋಜನೆಗಳಿಗೆ ಪೆಟ್ಟು ಬಿತ್ತು. ಅದಕ್ಕೆ ಮೊದಲೇ ಪ್ರಮಾಣಪತ್ರ ಪಡೆದ ಮನೆಗಳಿಗೆ ಆತಂಕವಿಲ್ಲ. ಆದರೂ ಅಗ್ಗವೆಂದು ಅಂಚಿನ ಊರಿಗೆ ಹೋಗುವವರು, ಮನೆಯ ನೀರು ಯಾವ ಸಂಸ್ಥೆಯದು, ಆ ಸಂಸ್ಥೆಗೆ ಬರುವುದು ಯಾವ ನದಿಯಿಂದ ಎಂದು ಕಾಗದದ ಮೇಲೆ ಕೇಳಿ ಪಡೆಯುವುದು ಒಳ್ಳೆಯದು. ಮನೆ ತೋರಿಸುವ ದಲ್ಲಾಳಿ ಈಜುಕೊಳ ತೋರಿಸುತ್ತಾನೆ. ಅದರೊಳಗಿನ ನೀರು ಎಲ್ಲಿಯದು ಎಂದು ಅವನಾಗಿ ಹೇಳುವುದಿಲ್ಲ.

ನೀರಾಯಿತು, ಇನ್ನು ಬಿಸಿಲು. ರಾಯಚೂರು, ಕಲಬುರಗಿಯವರು 'ಬಿಸಿಲು ನಮಗೇನು ಹೊಸದಲ್ಲ' ಎನ್ನುವುದುಂಟು. ಹಗಲಿನ ಮಟ್ಟಿಗೆ ಅವರ ಮಾತು ಸರಿ. ಫೀನಿಕ್ಸ್‌ನ ಕಷ್ಟ ಇರುವುದು ರಾತ್ರಿಯಲ್ಲಿ. 2023ರ ಜೂನ್ 30ರಿಂದ ಜುಲೈ 30ರವರೆಗೆ ಸತತವಾಗಿ 31 ದಿನ ಅಲ್ಲಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ದಾಟಿತು ಅಥವಾ ಮುಟ್ಟಿತು. ಆ ಜುಲೈನ ಒಂದು ರಾತ್ರಿ ಕನಿಷ್ಠ ಉಷ್ಣಾಂಶವೇ 97 ಡಿಗ್ರಿ, ನಮ್ಮ ಲೆಕ್ಕದಲ್ಲಿ 36. ಹಗಲೆಲ್ಲ ಬಿಸಿಲು ಕುಡಿದ ಡಾಂಬರು, ಕಾಂಕ್ರೀಟು ರಾತ್ರಿಯೆಲ್ಲ ಅದನ್ನು ಕಕ್ಕುತ್ತವೆ. ಆ ವರ್ಷ ಮರಿಕೋಪ ಕೌಂಟಿಯಲ್ಲಿ ಬಿಸಿಲ ಝಳಕ್ಕೆ ಸತ್ತವರೆಂದು ಸರ್ಕಾರವೇ ಲೆಕ್ಕ ಹಾಕಿದವರು 645 ಮಂದಿ. ಅವರಲ್ಲಿ ಬೀದಿಯಲ್ಲಿ ಮಲಗುವವರು ಬಹಳ. ಆದರೆ ಮನೆಯೊಳಗೇ ಸತ್ತವರೂ ಇದ್ದಾರೆ. ಆ ಮನೆಗಳಲ್ಲಿ ಬಹುಪಾಲು ಕಡೆ ಹವಾನಿಯಂತ್ರಣ ಯಂತ್ರ ಇತ್ತು, ಅದು ಓಡುತ್ತಿರಲಿಲ್ಲ.

ಯಂತ್ರ ಬರುವ ಮುಂಚೆ ಜನ ಹೇಗಿದ್ದರು? ಅನುಕೂಲಸ್ಥರು ಬೇಸಿಗೆಗೆ ಬೆಟ್ಟದ ಊರುಗಳಿಗೆ ಹೋಗುತ್ತಿದ್ದರು. ಉಳಿದವರು ಜಾಲರಿ ಹಾಕಿದ ಜಗಲಿಯಲ್ಲಿ ಮಂಚ ಹಾಕಿ, ಒದ್ದೆ ದುಪ್ಪಟಿ ಹೊದ್ದು ಮಲಗುತ್ತಿದ್ದರು. ಹುಳಹುಪ್ಪಟೆ ಹತ್ತದಿರಲೆಂದು ಮಂಚದ ಕಾಲುಗಳನ್ನು ಡಬ್ಬಿಯಲ್ಲಿ ಇಡುತ್ತಿದ್ದರು. 1930ರ ದಶಕದಲ್ಲಿ ಒದ್ದೆ ತಟ್ಟಿಯ ಮೂಲಕ ಗಾಳಿ ತಳ್ಳುವ ಕೂಲರ್ ಬಂತು. ನಮ್ಮ ಲಾವಂಚದ ತಟ್ಟಿಗೆ ಫ್ಯಾನು ಕಟ್ಟಿದಂತೆ. ಒಣ ಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈನಲ್ಲಿ ಮಳೆಮೋಡಗಳು ಬಂದು ಹವೆ ತೇವವಾದ ಕೂಡಲೇ ಕೈ ಕೊಡುತ್ತದೆ. ಎರಡನೇ ಮಹಾಯುದ್ಧದ ನಂತರ ಹವಾನಿಯಂತ್ರಣ ಅಗ್ಗವಾಯಿತು. 1950ರಲ್ಲಿ 1 ಲಕ್ಷ 6 ಸಾವಿರವಿದ್ದ ನಗರದ ಜನಸಂಖ್ಯೆ 1960ಕ್ಕೆ 4 ಲಕ್ಷ 39 ಸಾವಿರವಾಯಿತು. ಗಡಿ ವಿಸ್ತರಿಸಿ ಸುತ್ತಲ ಜಾಗ ಸೇರಿಸಿಕೊಂಡದ್ದೂ ಇದರಲ್ಲಿದೆ. ಆದರೆ ಒಂದು ಬದಲಾವಣೆ ಕಣ್ಣಿಗೆ ಬೀಳದೆ ಆಯಿತು: ದಪ್ಪ ಗೋಡೆ, ಜಗಲಿ, ಮರಗಳಿದ್ದ ಮನೆಗಳ ಬದಲು, ಯಂತ್ರ ನಿಂತರೆ ಕೆಲವೇ ಗಂಟೆಗಳಲ್ಲಿ ಒಲೆಯಾಗುವ ಮನೆಗಳು ಬಂದವು.

2018ರಲ್ಲಿ ಸನ್ ಸಿಟಿ ವೆಸ್ಟ್ ಎಂಬಲ್ಲಿ 72 ವರ್ಷದ ಒಬ್ಬ ಮಹಿಳೆ ತಮ್ಮ ಮನೆಯಲ್ಲೇ ಝಳಕ್ಕೆ ತೀರಿಕೊಂಡರು. ಅವರ ವಿದ್ಯುತ್ ಬಿಲ್ಲಿನಲ್ಲಿ 51 ಡಾಲರ್ ಬಾಕಿಯಿತ್ತೆಂದು ಕಂಪೆನಿ ಸಂಪರ್ಕ ಕಡಿದಿತ್ತು. ಸುದ್ದಿ ಹೊರಬಿದ್ದ ಮೇಲೆ ಗಲಾಟೆಯಾಗಿ, ರಾಜ್ಯದ ನಿಯಂತ್ರಣಕ್ಕೆ ಒಳಪಟ್ಟ ವಿದ್ಯುತ್ ಕಂಪೆನಿಗಳು ಬೇಸಿಗೆಯ ತಿಂಗಳುಗಳಲ್ಲಿ ಬಾಕಿಗಾಗಿ ಸಂಪರ್ಕ ಕಡಿಯುವುದನ್ನು ತಡೆಯುವ ನಿಯಮ ಬಂತು. ಬಾಡಿಗೆಯವರು ತಿಳಿದಿರಬೇಕಾದ ಇನ್ನೊಂದು ನಿಯಮವಿದೆ. ಫೀನಿಕ್ಸ್ ನಗರದೊಳಗೆ ಮನೆ ಮಾಲೀಕರು ಒದಗಿಸಿದ ಹವಾನಿಯಂತ್ರಣ ಕೊಠಡಿಯನ್ನು 82 ಡಿಗ್ರಿ ಫ್ಯಾರನ್‌ಹೀಟ್‌ಗೆ, ಎಂದರೆ ಸುಮಾರು 28 ಸೆಲ್ಸಿಯಸ್‌ಗೆ ಇಳಿಸುವಷ್ಟಾದರೂ ಸುಸ್ಥಿತಿಯಲ್ಲಿರಬೇಕು. ಯಂತ್ರ ಕೆಟ್ಟರೆ 'ಮುಂದಿನ ವಾರ ನೋಡೋಣ' ಎನ್ನುವ ಹಾಗಿಲ್ಲ.

ಮನೆಯ ದಿಕ್ಕಿನ ಬಗ್ಗೆ ಒಂದು ಮಾತು. ನಮ್ಮವರು ಪೂರ್ವಕ್ಕೆ ಬಾಗಿಲು ಬೇಕೆಂದು ಹಟ ಹಿಡಿಯುವುದು ಅಲ್ಲಿನ ದಲ್ಲಾಳಿಗಳಿಗೂ ಗೊತ್ತು. ಪೂರ್ವಕ್ಕೆ ಬಾಗಿಲಾದರೆ ಹಿತ್ತಿಲು ಪಶ್ಚಿಮಕ್ಕೆ ಬರುತ್ತದೆ. ಅಲ್ಲಿನ ಮನೆಗಳಲ್ಲಿ ದೊಡ್ಡ ಗಾಜಿನ ಬಾಗಿಲಿರುವುದು, ಮಕ್ಕಳು ಆಡುವುದು, ಸಂಜೆ ಕೂರುವುದು ಎಲ್ಲ ಹಿತ್ತಿಲ ಕಡೆಗೇ. ಮಧ್ಯಾಹ್ನ ಮೂರರಿಂದ ಏಳೂವರೆಯವರೆಗೆ ಸೂರ್ಯ ಆ ಗಾಜಿಗೇ ಹೊಡೆಯುತ್ತಾನೆ. ಮರುಭೂಮಿಯ ಹಳಬರು ಉತ್ತರ ದಕ್ಷಿಣದ ಮನೆಗಳನ್ನು ಹುಡುಕುವುದು ಇದೇ ಕಾರಣಕ್ಕೆ. ವಾಸ್ತು ನೋಡುವವರು ನೋಡಲಿ, ಆದರೆ ಪಶ್ಚಿಮಕ್ಕೆ ಒಂದು ಮರವನ್ನೋ ಅಗಲದ ಚಾವಣಿಯನ್ನೋ ಕೂಡ ನೋಡಲಿ.

ಈಗ ರೈಲುಹಳಿಯ ವಿಷಯ. ಇದನ್ನು ಯಾವ ದಲ್ಲಾಳಿಯೂ ಹೇಳುವುದಿಲ್ಲ. ಫೀನಿಕ್ಸ್ ಪೇಟೆಯ ದಕ್ಷಿಣಕ್ಕೆ ಹಾದುಹೋಗುವ ಹಳಿಯ ಆಚೆ, ನದಿಯ ಪಾತ್ರದವರೆಗೆ, ದಶಕಗಟ್ಟಲೆ ಕರಿಯರು ಮತ್ತು ಮೆಕ್ಸಿಕನ್ ಮೂಲದವರೇ ಹೆಚ್ಚಾಗಿ ವಾಸಿಸುತ್ತಿದ್ದರು. ತಾವೇ ಆರಿಸಿಕೊಂಡು ಅಲ್ಲ. ಉತ್ತರದ ಬಡಾವಣೆಗಳ ಕ್ರಯಪತ್ರಗಳಲ್ಲೇ ಬಿಳಿಯರಲ್ಲದವರಿಗೆ ಮಾರಕೂಡದೆಂಬ ಷರತ್ತು ಬರೆಯುತ್ತಿದ್ದರು. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ನಿಗಮ ಊರಿನ ನಕ್ಷೆಗೆ ಬಣ್ಣ ಹಚ್ಚಿತು. ಕೆಂಪು ಬಳಿದ ಜಾಗಗಳಲ್ಲಿ ಮನೆಗೆ ಸಾಲ ಸಿಗುವುದು ಕನಸಿನ ಮಾತಾಯಿತು. ಸಾಲವಿಲ್ಲದಲ್ಲಿ ಒಳ್ಳೆಯ ಮನೆಯಿಲ್ಲ, ಒಳಚರಂಡಿಯಿಲ್ಲ, ಬೀದಿ ಮರಗಳಿಲ್ಲ. ಕಾರ್ಖಾನೆ, ಗೋದಾಮು, ಕಸಾಯಿಖಾನೆಗಳೆಲ್ಲ ಅಲ್ಲಿಗೇ ಬಂದವು.

1953ರಲ್ಲಿ ಲಿಂಕನ್ ರಾಗ್ಸ್‌ಡೇಲ್ ಎಂಬ ಕರಿಯ ಉದ್ಯಮಿ, ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರಾಗಿ ತರಬೇತಿ ಪಡೆದವರು, ಪತ್ನಿ ಎಲಿನರ್ ಅವರೊಂದಿಗೆ ಎನ್‌ಕ್ಯಾಂಟೊ ಎಂಬ ಬಿಳಿಯರ ಬಡಾವಣೆಯಲ್ಲಿ ಮನೆ ಮಾಡಿದರು. ನೇರವಾಗಿ ಕೊಳ್ಳಲು ಆಗಲಿಲ್ಲ. ಬಿಳಿಯ ಸ್ನೇಹಿತರ ಹೆಸರಿನಲ್ಲಿ ಕೊಳ್ಳಬೇಕಾಯಿತು. ಸ್ವಲ್ಪ ದಿನಕ್ಕೆ ಯಾರೋ ಬಂದು ಅವರ ಮನೆಯ ಗೋಡೆಯ ಮೇಲೆ ಎರಡಡಿ ಎತ್ತರದ ಅಕ್ಷರಗಳಲ್ಲಿ ಜನಾಂಗದ ಬೈಗುಳ ಬರೆದು ಹೋದರು. ರಾಗ್ಸ್‌ಡೇಲ್ ಅದನ್ನು ಅಳಿಸಲು ಹೋಗಲಿಲ್ಲ. ತಾವು ವಾಸಿಸುವ ಮನೆ ಯಾವುದೆಂದು ನೆರೆಯ ಬಿಳಿಯರಿಗೆಲ್ಲ ಗೊತ್ತಾಗಲಿ ಎಂಬುದು ಅವರ ಕಾರಣ. ನೆರೆಹೊರೆಯವರ ಕಾಟ, ದಾರಿಯಲ್ಲಿ ಪೊಲೀಸರು ಪದೇ ಪದೇ ನಿಲ್ಲಿಸುವುದು, ಎಲ್ಲವನ್ನೂ ಸಹಿಸಿ ಅವರ ಕುಟುಂಬ ವರ್ಷಗಟ್ಟಲೆ ಅಲ್ಲೇ ಇದ್ದಿತು.

ಎಲ್ಲರಿಗೂ ಅಂಥ ಅವಕಾಶ ಒದಗಲಿಲ್ಲ. ವಿಮಾನ ನಿಲ್ದಾಣದ ಪಕ್ಕದಲ್ಲಿ ಗೋಲ್ಡನ್ ಗೇಟ್ ಎಂಬ ಮೆಕ್ಸಿಕನ್ ಮೂಲದವರ ಕೇರಿ ಇತ್ತು. ಜನ ತಾವೇ ದುಡ್ಡು ಕೂಡಿಸಿ ಅಲ್ಲೊಂದು ಇಗರ್ಜಿ ಕಟ್ಟಿಕೊಂಡಿದ್ದರು. ನಿಲ್ದಾಣ ಬೆಳೆಯಬೇಕೆಂದು 1970 ಮತ್ತು 80ರ ದಶಕಗಳಲ್ಲಿ ಕೇರಿಯನ್ನೇ ಎತ್ತಿಸಲಾಯಿತು. ಉಳಿದದ್ದು ಆ ಇಗರ್ಜಿ ಒಂದೇ, ಖಾಲಿ ಬಯಲಿನ ನಡುವೆ. ಚದುರಿಹೋದ ಕುಟುಂಬಗಳು ಆಮೇಲೆ ವರ್ಷಗಳ ಕಾಲ ಕ್ರಿಸ್‌ಮಸ್ ದಿನ ಮಾತ್ರ ಅಲ್ಲಿಗೆ ಬಂದು ಪೂಜೆ ಸಲ್ಲಿಸಿ, ಇಲ್ಲಿ ನಮ್ಮ ಮನೆಯಿತ್ತು ಎಂದು ಮೊಮ್ಮಕ್ಕಳಿಗೆ ಬರಿ ನೆಲ ತೋರಿಸುತ್ತಿದ್ದರು.

ಷರತ್ತುಗಳು ಕಾನೂನಿನಲ್ಲಿ ಸತ್ತು ದಶಕಗಳಾದವು. ಆದರೆ ಮರಗಳು ಒಂದೇ ದಿನಕ್ಕೆ ಬೆಳೆಯುವುದಿಲ್ಲ. ಉಪಗ್ರಹದಿಂದ ಅಳೆದ ಉಷ್ಣಾಂಶದ ನಕ್ಷೆ ನೋಡಿದರೆ, ಬಡವರ ಬಡಾವಣೆಗಳು ಇಂದಿಗೂ ಶ್ರೀಮಂತರ ಬಡಾವಣೆಗಳಿಗಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತವೆ. ಹೊಸದಾಗಿ ಹೋದವರಿಗೆ 'ಆ ಕಡೆ ಬೇಡ, ಶಾಲೆ ಚೆನ್ನಾಗಿಲ್ಲ' ಎಂದು ಹಳಬರು ಹೇಳುವಾಗ, 'ಆ ಕಡೆ' ಹೇಗಾಯಿತು ಎಂಬುದು ಗೊತ್ತಿದ್ದರೆ ಒಳ್ಳೆಯದು. ಕಪ್ಪು ಕಂದು ಬಣ್ಣದವರೆಂದು ಒಂದು ಕಾಲದಲ್ಲಿ ನಮ್ಮವರನ್ನೂ ಹಳಿಯ ಆ ಕಡೆಗೇ ಕಳಿಸುತ್ತಿದ್ದರು ಎಂಬುದರಲ್ಲಿ ಅನುಮಾನ ಬೇಡ.

ಇನ್ನು ಊರುಗಳ ಪರಿಚಯವನ್ನು ಬೇಗ ಮುಗಿಸಬಹುದು. ಪೂರ್ವದ ಮೇಸಾ ಪಟ್ಟಣ ಮಾರ್ಮನ್ ಪಂಥದವರು 1878ರಲ್ಲಿ ಕಟ್ಟಿದ್ದು. ಅವರೂ ಹೊಹೊಕಾಮ್ ಕಾಲುವೆಯನ್ನೇ ಹೂಳೆತ್ತಿದರು. ಟೆಂಪಿ ನದಿ ದಾಟಿಸುವ ದೋಣಿಕಟ್ಟೆಯಾಗಿ ಆರಂಭವಾಗಿ ಇಂದು ದೊಡ್ಡ ವಿಶ್ವವಿದ್ಯಾಲಯದ ಊರು. ಕಾರಿಲ್ಲದೆ ಬದುಕುವ ಸಾಹಸ ಮಾಡಬೇಕೆನ್ನುವವರಿಗೆ ಸ್ವಲ್ಪವಾದರೂ ಆಸೆ ಹುಟ್ಟಿಸುವ ಜಾಗ. 2008ರ ಕೊನೆಗೆ ಶುರುವಾದ ನಗರ ರೈಲು ಅಲ್ಲಿಂದ ಫೀನಿಕ್ಸ್ ಪೇಟೆಗೆ ಓಡುತ್ತದೆ. ಚಾಂಡ್ಲರ್ ಪಟ್ಟಣ ಕಟ್ಟಿದ್ದು ಒಬ್ಬ ಪಶುವೈದ್ಯ, 1912ರಲ್ಲಿ. 1980ರಲ್ಲಿ ಇಂಟೆಲ್ ಅಲ್ಲಿಗೆ ಬಂತು, ಅದರ ಹಿಂದೆಯೇ ನಮ್ಮ ಇಂಜಿನಿಯರುಗಳು ಬಂದರು. ಕನ್ನಡ ಮಾತು ಕಿವಿಗೆ ಬೀಳುವ ಸಂಭವ ಹೆಚ್ಚಿರುವುದು ಈ ಕಡೆಯೇ. ಇನ್ನೂ ದಕ್ಷಿಣಕ್ಕೆ, ಮರಿಕೋಪ ಎಂಬ ಪಟ್ಟಣದ ಬಳಿ ಮಹಾಗಣಪತಿ ದೇವಾಲಯವಿದೆ. ಕೌಂಟಿಯ ಹೆಸರೂ ಮರಿಕೋಪ, ಪಟ್ಟಣದ ಹೆಸರೂ ಮರಿಕೋಪ. ಆದರೆ ಆ ಪಟ್ಟಣ ಆ ಕೌಂಟಿಯಲ್ಲಿಲ್ಲ! ವಿಳಾಸ ಬರೆಯುವಾಗ ಹುಷಾರು.

ವಾಯವ್ಯದ ಸನ್ ಸಿಟಿ 1960ರ ಹೊಸವರ್ಷದ ದಿನ ಬಾಗಿಲು ತೆರೆದ ನಿವೃತ್ತರ ಊರು. 55 ದಾಟಿದವರಿಗೆಂದೇ ಮೀಸಲಾದದ್ದು. ಮಗನ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಅಲ್ಲಿರಬಹುದು, ಮೊಮ್ಮಕ್ಕಳು ಹಬ್ಬಕ್ಕೆ ಬಂದು ಹೋಗಬಹುದು, ನೆಲೆಸುವಂತಿಲ್ಲ. ನಮ್ಮ ಮನಸ್ಸಿಗೆ ಇದು ವಿಚಿತ್ರವೆನಿಸದೆ ಇರದು. ಉತ್ತರದ ತುದಿಯಲ್ಲಿ ತೈವಾನಿನ ಟಿಎಸ್‌ಎಂಸಿ ಕಂಪೆನಿಯ ಚಿಪ್ ಕಾರ್ಖಾನೆ ಎದ್ದ ಮೇಲೆ, ಕಾಲುವೆಯಿಂದ ಬಹುದೂರದ ಬರಡು ನೆಲಕ್ಕೂ ಬೆಲೆ ಬಂದಿದೆ. ದಕ್ಷಿಣದ ಬೆಟ್ಟದ ಬೆನ್ನಿಗಿರುವ ಅಹ್ವಾಟುಕಿಗೆ ದಾರಿ ಒಂದೇ ಕಡೆಯಿಂದ ಇದ್ದುದರಿಂದ, ಜಗತ್ತಿನ ಅತಿ ದೊಡ್ಡ ಕೊನೆಮುಚ್ಚಿದ ಬೀದಿ ಎಂಬ ತಮಾಷೆಯ ಹೆಸರಿತ್ತು. 2019ರ ಡಿಸೆಂಬರಿನಲ್ಲಿ ಹೆದ್ದಾರಿ ಬಂದು ಅದು ಹೋಯಿತು.

ಬೀದಿಗಳ ಲೆಕ್ಕವೂ ತಿಳಿದಿರಲಿ. ನಡುವಿನ ಸೆಂಟ್ರಲ್ ಅವೆನ್ಯೂದ ಪೂರ್ವಕ್ಕೆ 'ಸ್ಟ್ರೀಟ್'ಗಳು, ಪಶ್ಚಿಮಕ್ಕೆ 'ಅವೆನ್ಯೂ'ಗಳು. ಏಳನೇ ಸ್ಟ್ರೀಟ್ ಬೇರೆ, ಏಳನೇ ಅವೆನ್ಯೂ ಬೇರೆ. ಜಯನಗರದಲ್ಲಿ ಕ್ರಾಸಿಗೂ ಮೇನಿಗೂ ತಡಕಾಡಿದವರಿಗೆ ಕಷ್ಟವಾಗದು. ಕಚೇರಿಯ ಪೂರ್ವಕ್ಕೆ ಮನೆ ಮಾಡಿದರೆ ಬೆಳಿಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಸೂರ್ಯ ಬೆನ್ನಿಗೆ. ಪಶ್ಚಿಮಕ್ಕೆ ಮಾಡಿದರೆ ಎರಡು ಹೊತ್ತೂ ಕಣ್ಣಿಗೆ. ಅಲ್ಲಿನ ಬಿಸಿಲಿನಲ್ಲಿ ಇದು ಸಣ್ಣ ವಿಷಯವಲ್ಲ.

ಸ್ಕಾಟ್ಸ್‌ಡೇಲ್‌ನಲ್ಲಿ ಪೀಮಾ ರಸ್ತೆಯ ಒಂದು ಬದಿಗೆ ದುಬಾರಿ ಮನೆಗಳ ಸಾಲು, ಇನ್ನೊಂದು ಬದಿಗೆ ಬಹುದೂರ ಬಯಲು, ಹೊಲ. ಆ ಬದಿ ಪೀಮಾ ಮತ್ತು ಮರಿಕೋಪ ಬುಡಕಟ್ಟುಗಳ ಮೀಸಲು ನೆಲ. ಪೀಮಾ ಎಂಬುದು ಓಧಮ್ ಜನರಿಗೆ ಹೊರಗಿನವರು ಇಟ್ಟ ಹೆಸರು. ಫೀನಿಕ್ಸ್‌ನ ದಕ್ಷಿಣಕ್ಕೆ ಗಿಲಾ ನದಿಯ ದಡದಲ್ಲಿ ಇವರದೇ ಇನ್ನೊಂದು ದೊಡ್ಡ ನೆಲವಿದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮೇಲ್ಭಾಗದ ವಲಸೆಗಾರರು ಗಿಲಾ ನದಿಯನ್ನು ತಿರುಗಿಸಿಕೊಂಡಾಗ, ದಾರಿಹೋಕರಿಗೆಲ್ಲ ಗೋಧಿ ಮಾರುತ್ತಿದ್ದ ಈ ಜನ ಉಪವಾಸ ಬಿದ್ದರು. ನೀರಿಗಾಗಿ ಅವರು ತಲೆಮಾರುಗಳ ಕಾಲ ನ್ಯಾಯಾಲಯ, ಸರ್ಕಾರಗಳ ಬಾಗಿಲು ಕಾದರು. 2004ರ ಒಪ್ಪಂದದ ಕಾಯಿದೆಯಲ್ಲಿ ವರ್ಷಕ್ಕೆ 6 ಲಕ್ಷ 53 ಸಾವಿರ ಎಕರೆ ಅಡಿ ನೀರು ಅವರ ಪಾಲಾಯಿತು. ಕೊಲರಾಡೊ ಕಾಲುವೆಯ ನೀರಿನಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ಇಂದು ಅವರದ್ದೇ. ಬರ ಬಂದಾಗ ನಗರಗಳು ನೀರು ಕೇಳಿಕೊಂಡು ಹೋಗುವುದು ಅವರ ಬಳಿಗೆ.

ಕೊನೆಯದಾಗಿ, ಹೊರಟವರಿಗೆ ಒಂದೆರಡು ಮಾತು. ಕಂಪೆನಿಗಳು ಸಾಮಾನ್ಯವಾಗಿ ಊರು ತೋರಿಸಲು ಕರೆಸುವುದು ಜನವರಿ, ಫೆಬ್ರುವರಿಯಲ್ಲಿ. ಆಗ ಅಲ್ಲಿ ಮೈಸೂರಿನ ಡಿಸೆಂಬರಿನಂಥ ಹವೆ. ಯಾರು ಯಾವ ಮನೆ ತೋರಿಸಿದರೂ ಹಿಡಿಸುತ್ತದೆ. ಸಾಧ್ಯವಾದರೆ ಒಂದು ಬೇಸಿಗೆ ಬಾಡಿಗೆ ಮನೆಯಲ್ಲಿ ಕಳೆದು ನಂತರ ಕೊಳ್ಳುವ ಮಾತಾಡಬೇಕು. ಕೊಳ್ಳುವ ಮನೆಯನ್ನು ಜುಲೈನಲ್ಲಿ ಸಂಜೆ ನಾಲ್ಕು ಗಂಟೆಗೆ ನೋಡಬೇಕು. ಹಿತ್ತಿಲ ಗೋಡೆಯ ಮೇಲೆ ಕೈಯಿಟ್ಟು, ಮನೆಯಿಂದ ಬಸ್ ನಿಲ್ದಾಣಕ್ಕೆ ಮಗುವಿನ ಜೊತೆ ಒಮ್ಮೆ ನಡೆದು, ದಾರಿಯಲ್ಲಿ ಎಷ್ಟು ಮರ ಸಿಕ್ಕವು ಎಂದು ಎಣಿಸಬೇಕು. ಹಾಗೆಯೇ ಮನೆ ಮಾಲೀಕರ ಸಂಘದ ನಿಯಮಗಳನ್ನು ಸಹಿ ಹಾಕುವ ಮೊದಲು ಓದಬೇಕು. ಅಂಗಳದಲ್ಲಿ ಯಾವ ಮರ ನೆಡಬಹುದು, ಗೋಡೆಗೆ ಯಾವ ಬಣ್ಣ ಬಳಿಯಬಹುದು ಎಂಬುದನ್ನೂ ಅವರು ಬರೆದಿಟ್ಟಿರುತ್ತಾರೆ. ಕರಿಬೇವಿನ ಗಿಡ ಅಲ್ಲಿ ಬರುತ್ತದೆಯೇ ಎಂದು ಸಭೆ ಆರಂಭವಾಗುವ ಮುನ್ನ ಒಬ್ಬ ತಾಯಿ ಕೇಳಿದ್ದರು. ಬರುತ್ತದೆ. ಮಧ್ಯಾಹ್ನದ ನೆರಳಿರಬೇಕು, ಚಳಿಗಾಲದ ರಾತ್ರಿಗಳಲ್ಲಿ ಮೇಲೆ ಒಂದು ಹಳೆಯ ಸೀರೆ ಹೊದಿಸಬೇಕು.